ಲೆಕ್ಕ ಬರುತ್ತದೆ, ಉತ್ತರ ಮಾತ್ರ ತಪ್ಪು: ಶೇಕಡಾ, ಅನುಪಾತದ ಡೇಟಾ ಸಫಿಶಿಯೆನ್ಸಿಯಲ್ಲಿ ದೋಷ ಎಲ್ಲಿದೆ?

ಬ್ಯಾಂಕ್ ಪಿಒ (ಪ್ರೊಬೇಷನರಿ ಅಧಿಕಾರಿ), ಯುಪಿಎಸ್‌ಸಿಯ ಸಿಸ್ಯಾಟ್ (ನಾಗರಿಕ ಸೇವಾ ಪೂರ್ವಭಾವಿ ಪರೀಕ್ಷೆಯ ಎರಡನೇ ಪತ್ರಿಕೆ), ಜಿಮ್ಯಾಟ್ (ಎಂಬಿಎ ಪ್ರವೇಶ ಪರೀಕ್ಷೆ) ಇವುಗಳಿಗೆ ಓದುವವರಲ್ಲಿ ಒಂದು ತೊಂದರೆ ಮತ್ತೆ ಮತ್ತೆ ಕಾಣುತ್ತದೆ. ಶೇಕಡಾ ಲೆಕ್ಕವನ್ನು ನೇರವಾಗಿ ಕೊಟ್ಟರೆ ಸರಾಗವಾಗಿ ಬಿಡಿಸುತ್ತಾರೆ. ಅನುಪಾತವೂ ಬರುತ್ತದೆ. ಅದೇ ಲೆಕ್ಕವನ್ನು ಒಂದು ಪ್ರಶ್ನೆ, ಎರಡು ಹೇಳಿಕೆ ಎಂದು ಒಡೆದು, ‘ಉತ್ತರ ಹೇಳಲು ಇಷ್ಟು ಮಾಹಿತಿ ಸಾಕಾ?’ ಎಂದು ಕೇಳಿದರೆ ಕೈ ತಪ್ಪುತ್ತದೆ. ಇದೇ ಡೇಟಾ ಸಫಿಶಿಯೆನ್ಸಿ. ‘1 ಒಂದೇ ಸಾಕು’, ‘2 ಒಂದೇ ಸಾಕು’, ‘ಎರಡೂ ಸೇರಿದರೆ ಸಾಕು’, ‘ಎರಡೂ ಸೇರಿದರೂ ಸಾಲದು’ ಇಂಥವು ಇದರ ಆಯ್ಕೆಗಳು. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಶೇಕಡಾ ಅಧ್ಯಾಯವನ್ನು ಮೊದಲಿನಿಂದ ಓದುತ್ತಾರೆ. ಅದರಿಂದ ಪ್ರಯೋಜನ ಕಡಿಮೆ. ಯಾಕೆಂದರೆ ಕೆಟ್ಟಿರುವುದು ಅಲ್ಲಿ ಅಲ್ಲ.

ಸಿಸ್ಯಾಟ್‌ನಲ್ಲಿ ಒಂದು ಪ್ರಶ್ನೆಗೆ 2.5 ಅಂಕ. ತಪ್ಪಾದರೆ ಅದರ ಮೂರನೇ ಒಂದು ಭಾಗ ಕಳೆಯುತ್ತಾರೆ. ಬ್ಯಾಂಕ್ ಪರೀಕ್ಷೆಗಳಲ್ಲಿ ಕಾಲು ಭಾಗ ಹೋಗುತ್ತದೆ. ಹಾಗಾಗಿ ಇಲ್ಲಿ ಅಂದಾಜಿಗೆ ಗುರುತು ಹಾಕುವುದು ದುಬಾರಿ. ನಿಮ್ಮ ಹಳೆಯ ಮಾಕ್ ಟೆಸ್ಟ್ ತೆಗೆದಿಟ್ಟುಕೊಳ್ಳಿ. ಈ ಬಗೆಯ ಪ್ರಶ್ನೆಗಳಲ್ಲಿ ತಪ್ಪಿದ್ದನ್ನೆಲ್ಲ ಒಂದು ಕಡೆ ಹಾಕಿ. ಕೆಳಗೆ ಹೇಳುವ ಲಕ್ಷಣಗಳಲ್ಲಿ ಯಾವುದು ನಿಮ್ಮದು ಎಂದು ಹೋಲಿಸುತ್ತಾ ಹೋಗಿ. ಒಬ್ಬೊಬ್ಬರಲ್ಲಿ ಸಾಮಾನ್ಯವಾಗಿ ಒಂದೆರಡು ದೋಷಗಳೇ ಇರುತ್ತವೆ. ಅವೇ ಬೇರೆ ಬೇರೆ ಪ್ರಶ್ನೆಗಳಲ್ಲಿ ಮರುಕಳಿಸುತ್ತವೆ.

ಮೊದಲು ಟೆಸ್ಟರ್ ಕೈಗೆ ತಗೊಳ್ಳಿ

ಎಲೆಕ್ಟ್ರಿಷಿಯನ್ ಏನನ್ನೂ ಬಿಚ್ಚುವ ಮೊದಲು ಟೆಸ್ಟರ್ ಹಚ್ಚಿ ನೋಡುತ್ತಾನೆ. ನಮಗೂ ಅಂಥದ್ದೊಂದು ಬೇಕು. ಅದು ಈ ಪ್ರಶ್ನೆ: ಕೊಟ್ಟ ಹೇಳಿಕೆ ಸುಳ್ಳಾಗದಂತೆ ಇಟ್ಟುಕೊಂಡು, ಎರಡು ಬೇರೆ ಬೇರೆ ಉತ್ತರ ಬರುವ ಹಾಗೆ ಸಂಖ್ಯೆಗಳನ್ನು ಹಾಕಬಹುದಾ? ಹಾಕಬಹುದಾದರೆ ಆ ಹೇಳಿಕೆ ಸಾಲದು. ಹೇಗೆ ಹಾಕಿದರೂ ಒಂದೇ ಉತ್ತರ ಬರುವುದಾದರೆ, ಮತ್ತು ಯಾಕೆ ಹಾಗೆ ಎಂದು ನಿಮಗೆ ಗೊತ್ತಾದರೆ, ಸಾಕು.

ಇದರಲ್ಲಿ ಉತ್ತರ ಕಂಡುಹಿಡಿಯುವ ಕೆಲಸ ಎಲ್ಲೂ ಇಲ್ಲ, ಗಮನಿಸಿ. ನೇರ ಲೆಕ್ಕದಲ್ಲಿ ನಾವು ಉತ್ತರದ ಕಡೆಗೆ ಓಡುತ್ತೇವೆ. ಇಲ್ಲಿ ಉತ್ತರವನ್ನು ಒಡೆಯಲು ನೋಡಬೇಕು. ಓಟದ ದಿಕ್ಕು ಬದಲಾಗದೆ ಇರುವುದೇ ಮೂಲ ದೋಷ ಎಂದು ನನಗೆ ಅನಿಸುತ್ತದೆ. ಮುಂದೆ ಹೇಳುವ ಲಕ್ಷಣಗಳು ಹೆಚ್ಚಾಗಿ ಅದರ ಬೇರೆ ಬೇರೆ ರೂಪಗಳೇ.

ಈ ಟೆಸ್ಟರ್‌ಗೆ ಒಂದು ಚಿಕ್ಕ ದಾರಿ ಇದೆ. ಶೇಕಡಾ, ಅನುಪಾತಕ್ಕೆ ಅದು ತುಂಬ ಕೆಲಸಕ್ಕೆ ಬರುತ್ತದೆ. ಹೇಳಿಕೆಗೆ ಹೊಂದುವ ಒಂದು ಉದಾಹರಣೆ ಹಾಕಿ. ಆಮೇಲೆ ಅದರಲ್ಲಿರುವ ಎಲ್ಲ ಸಂಖ್ಯೆಗಳನ್ನೂ ದುಪ್ಪಟ್ಟು ಮಾಡಿ. ಹೇಳಿಕೆ ಈಗಲೂ ನಿಜವೇ? ನಿಜವಾದರೆ ಆ ಹೇಳಿಕೆಯಲ್ಲಿ ಪ್ರಮಾಣ (ಶೇಕಡಾ ಅಥವಾ ಅನುಪಾತ) ಮಾತ್ರ ಇದೆ, ಅಳತೆ (ನಿಜವಾದ ಎಣಿಕೆ) ಇಲ್ಲ. ಪ್ರಶ್ನೆ ‘ಎಷ್ಟು ರೂಪಾಯಿ, ಎಷ್ಟು ಜನ, ಎಷ್ಟು ಲೀಟರ್’ ಎಂದು ಕೇಳಿದ್ದರೆ ಅದು ಸಾಲದು. ಒಂದು ವಿನಾಯಿತಿ ಇದೆ, ಅದು ಮುಂದೆ ಬರುತ್ತದೆ.

ಲಕ್ಷಣ: ‘ಒಟ್ಟು ಕೊಟ್ಟಿಲ್ಲ, ಹಾಗಾಗಿ ಸಾಲದು’ ಎಂದು ಬಿಟ್ಟದ್ದು ತಪ್ಪಾಗಿದೆ

ಪ್ರಶ್ನೆ: ಒಬ್ಬ ವ್ಯಾಪಾರಿಗೆ ಸಿಕ್ಕ ಲಾಭ ಶೇಕಡಾ ಎಷ್ಟು? ಹೇಳಿಕೆ 1: 12 ವಸ್ತುಗಳ ಕೊಂಡ ಬೆಲೆ, 10 ವಸ್ತುಗಳ ಮಾರಿದ ಬೆಲೆಗೆ ಸಮ. ಹೇಳಿಕೆ 2: ಒಂದು ವಸ್ತುವಿನ ಮೇಲೆ 30 ರೂಪಾಯಿ ಲಾಭ.

ಇಲ್ಲಿ ತುಂಬ ಜನ ‘ಎರಡೂ ಸೇರಿದರೆ ಸಾಕು’ ಎಂದು ಹಾಕುತ್ತಾರೆ. ರೂಪಾಯಿ ಇಲ್ಲದೆ ಲಾಭ ಹೇಗೆ ಹೇಳುವುದು ಎಂಬ ಅನುಮಾನ. ಆದರೆ ಕೇಳಿದ್ದು ಶೇಕಡಾ. ಹೇಳಿಕೆ 1ರಿಂದ ಮಾರಿದ ಬೆಲೆ ಮತ್ತು ಕೊಂಡ ಬೆಲೆಯ ಅನುಪಾತ 12:10 ಎಂದು ಗೊತ್ತಾಯಿತು. ಲಾಭ ಶೇ 20. ಮುಗಿಯಿತು. ಹೇಳಿಕೆ 2 ಒಂದೇ ಆದರೆ ಸಾಲದು: 100ಕ್ಕೆ ತಂದು 130ಕ್ಕೆ ಮಾರಿದರೂ 30, 300ಕ್ಕೆ ತಂದು 330ಕ್ಕೆ ಮಾರಿದರೂ 30. ಒಂದರಲ್ಲಿ ಶೇ 30, ಇನ್ನೊಂದರಲ್ಲಿ ಶೇ 10. ಸರಿ ಉತ್ತರ, ‘1 ಒಂದೇ ಸಾಕು’.

ರಿಪೇರಿ ಸುಲಭ. ಹೇಳಿಕೆಗಳನ್ನು ಓದುವ ಮೊದಲು ಪ್ರಶ್ನೆಯ ಪಕ್ಕ ಒಂದು ಅಕ್ಷರ ಬರೆಯಿರಿ. ಪ್ರಮಾಣ ಕೇಳಿದ್ದರೆ ‘ಪ್ರ’, ಅಳತೆ ಕೇಳಿದ್ದರೆ ‘ಅ’. ‘ಪ್ರ’ ಇದ್ದಾಗ ಒಟ್ಟು ಸಂಖ್ಯೆ ಇಲ್ಲ ಎನ್ನುವ ಕಾರಣಕ್ಕೇ ಯಾವ ಹೇಳಿಕೆಯನ್ನೂ ತಳ್ಳಬೇಡಿ. ‘ಅ’ ಇದ್ದಾಗ ಬರೀ ಪ್ರಮಾಣ ಹೇಳುವ ಎರಡು ಹೇಳಿಕೆ ಸೇರಿದರೂ ಸಾಮಾನ್ಯವಾಗಿ ಸಾಲದು.

ಲಕ್ಷಣ: ‘ಎರಡೂ ಸೇರಿದರೆ ಸಾಕು’ ಎಂದದ್ದು ಜಾಸ್ತಿ ಸಲ ಕೈಕೊಡುತ್ತಿದೆ

ಅಜ್ಞಾತ ಎರಡು, ಸಮೀಕರಣ ಎರಡು, ಹಾಗಾದರೆ ಬಿಡಿಸಬಹುದು. ಶಾಲೆಯಲ್ಲಿ ಕಲಿತ ಈ ಲೆಕ್ಕಾಚಾರವೇ ಇಲ್ಲಿ ಗುಂಡಿ ತೋಡುತ್ತದೆ. ಪ್ರಶ್ನೆ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು.

ಪ್ರಶ್ನೆ: ಗೀತಾ ಅವರ ಸಂಬಳ ಎಷ್ಟು? ಹೇಳಿಕೆ 1: ಗೀತಾ ಅವರ ಸಂಬಳ ರಮೇಶ್ ಅವರದಕ್ಕಿಂತ ಶೇ 25 ಜಾಸ್ತಿ. ಹೇಳಿಕೆ 2: ರಮೇಶ್ ಅವರ ಸಂಬಳ ಗೀತಾ ಅವರದಕ್ಕಿಂತ ಶೇ 20 ಕಡಿಮೆ.

ನೋಡಲು ಎರಡು ಬೇರೆ ಮಾಹಿತಿ. 25 ಬೇರೆ, 20 ಬೇರೆ. ಅನುಪಾತಕ್ಕೆ ತಿರುಗಿಸಿ ನೋಡಿ. ಶೇ 25 ಜಾಸ್ತಿ ಎಂದರೆ 5:4. ಶೇ 20 ಕಡಿಮೆ ಎಂದರೆ 4:5, ಅಂದರೆ ಗೀತಾ ಕಡೆಯಿಂದ ನೋಡಿದರೆ ಮತ್ತೆ 5:4. ಒಂದೇ ಮಾತನ್ನು ಎರಡು ಸಲ ಹೇಳಿದ್ದಾರೆ ಅಷ್ಟೇ. 50,000 ಮತ್ತು 40,000 ಆದರೂ ಸರಿ, ಒಂದು ಲಕ್ಷ ಮತ್ತು 80,000 ಆದರೂ ಸರಿ. ಎರಡೂ ಸೇರಿದರೂ ಸಾಲದು.

ಹಾಗಾಗಿ ಶೇಕಡಾ ಕಂಡ ಕೂಡಲೇ ಅನುಪಾತಕ್ಕೆ ತಿರುಗಿಸಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಹುಡುಗಿಯರು ಶೇ 40 ಎಂದರೆ ಹುಡುಗರು, ಹುಡುಗಿಯರು 3:2. ಶೇ 37.5 ಎಂದರೆ ಎಂಟರಲ್ಲಿ ಮೂರು. ಶೇ 60 ಜಾಸ್ತಿ ಎಂದರೆ 8:5. ಎರಡು ಹೇಳಿಕೆಗಳನ್ನೂ ಒಂದೇ ವೇಷಕ್ಕೆ ತಂದಾಗ, ಎರಡನೆಯದರಲ್ಲಿ ಹೊಸದೇನಾದರೂ ಇದೆಯಾ ಎಂಬುದು ಕಣ್ಣಿಗೇ ಕಾಣುತ್ತದೆ.

ಲಕ್ಷಣ: ‘2 ಒಂದೇ ಸಾಕು’ ಎಂದಿದ್ದೀರಿ, ಕೀ ಆನ್ಸರ್‌ನಲ್ಲಿ ‘ಎರಡೂ ಬೇಕು’ ಎಂದಿದೆ

ಒಂದು ಕ್ಯಾನಿನಲ್ಲಿ ಹಾಲು, ನೀರು ಬೆರೆತಿವೆ. ನೀರು ಎಷ್ಟು ಲೀಟರ್ ಇದೆ? ಹೇಳಿಕೆ 1: ಹಾಲು ಮತ್ತು ನೀರಿನ ಅನುಪಾತ 7:1. ಹೇಳಿಕೆ 2: ಇನ್ನೂ 5 ಲೀಟರ್ ನೀರು ಸೇರಿಸಿದರೆ ಅನುಪಾತ 7:2 ಆಗುತ್ತದೆ.

ಹೇಳಿಕೆ 1 ಸಾಲದು, ಅದು ಗೊತ್ತೇ ಇದೆ. ಹೇಳಿಕೆ 2ಕ್ಕೆ ಬರುವಾಗ ತಲೆಯಲ್ಲಿ 7:1 ಇನ್ನೂ ಕೂತಿರುತ್ತದೆ. ಹಾಲು 7 ಭಾಗ, ನೀರು 1 ಭಾಗ ಇದ್ದದ್ದು 2 ಭಾಗ ಆಯಿತು, ಆ ಒಂದು ಭಾಗವೇ 5 ಲೀಟರ್ ಎಂದು ಮನಸ್ಸು ಥಟ್ಟನೆ ಹೇಳುತ್ತದೆ. ಆ ‘ಇದ್ದದ್ದು 1 ಭಾಗ’ ಎನ್ನುವುದು ಹೇಳಿಕೆ 2ರಲ್ಲಿ ಎಲ್ಲೂ ಇಲ್ಲ. ಅದು ಮೊದಲನೆಯದರಿಂದ ಸೋರಿ ಬಂದದ್ದು. ಹೇಳಿಕೆ 2 ಒಂದನ್ನೇ ಇಟ್ಟುಕೊಂಡರೆ ಹಾಲು 35, ನೀರು 5 ಆಗಬಹುದು. ಹಾಲು 70, ನೀರು 15 ಕೂಡ ಆಗಬಹುದು. ಎರಡರಲ್ಲೂ 5 ಲೀಟರ್ ಸೇರಿಸಿದರೆ 7:2 ಬರುತ್ತದೆ. ಹೇಳಿಕೆ 1 ಸೇರಿದ ಮೇಲೆ ಮಾತ್ರ ನೀರು 5 ಲೀಟರ್ ಎಂದು ನಿಲ್ಲುತ್ತದೆ.

ಇದು ಜಾಣರಲ್ಲೇ ಜಾಸ್ತಿ ಕಾಣುವ ದೋಷ. ಓದುವ ವೇಗ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಇದಕ್ಕೆ ಎರಡು ಉಪಾಯ. ಒಂದು, ಮನೆಯಲ್ಲಿ ಅಭ್ಯಾಸ ಮಾಡುವಾಗ ಹೇಳಿಕೆ 1ನ್ನು ಕೈಯಿಂದ ಮುಚ್ಚಿ, 2ನ್ನು ಮೊದಲು ಓದಿ. ಇನ್ನೊಂದು, ಪರೀಕ್ಷೆಯಲ್ಲಿ ರಫ್ ಶೀಟ್ ಮೇಲೆ ಎರಡು ಕಾಲಂ ಎಳೆದು, ಎಡದಲ್ಲಿ ಬರೆದದ್ದನ್ನು ಬಲಕ್ಕೆ ಒಯ್ಯದೆ ಹೊಸ ಅಕ್ಷರಗಳಿಂದ ಶುರು ಮಾಡಿ. ಹಾಲು ‘ಹ’, ನೀರು ‘ನ’ ಎಂದು ಬರೆದು ಹ : (ನ + 5) = 7 : 2 ಎಂದಿಟ್ಟಿದ್ದರೆ ಎರಡು ಅಜ್ಞಾತ, ಒಂದು ಸಮೀಕರಣ ಎಂದು ಆಗಲೇ ಕಾಣುತ್ತಿತ್ತು.

ಲಕ್ಷಣ: ಶೇಕಡಾ ಸರಿಯಾಗಿ ಹಿಡಿದಿದ್ದೀರಿ, ಆದರೆ ಯಾವುದರ ಶೇಕಡಾ ಎಂಬುದು ಜಾರಿದೆ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಪುಸ್ತಕದ ಲೆಕ್ಕ ಬೇಡ. ನಮ್ಮದೇ ರಾಜ್ಯದ ಅಂಕಿ ತಗೊಳ್ಳೋಣ.

2011ರ ಜನಗಣತಿ ಪ್ರಕಾರ ಕರ್ನಾಟಕದ ಜನಸಂಖ್ಯೆ 6,10,95,297. ಸಾವಿರ ಗಂಡಸರಿಗೆ 973 ಹೆಂಗಸರು. ಈಗ ಪ್ರಶ್ನೆ: ರಾಜ್ಯದ ಜನಸಂಖ್ಯೆಯಲ್ಲಿ ಹೆಂಗಸರು ಶೇಕಡಾ ಎಷ್ಟು? ಸಾವಿರಕ್ಕೆ 973 ಎಂಬ ಹೇಳಿಕೆ ಒಂದೇ ಸಾಕು. 1,973ರಲ್ಲಿ 973, ಅಂದರೆ ಸುಮಾರು ಶೇ 49.3. ಆರು ಕೋಟಿಯ ಆ ದೊಡ್ಡ ಸಂಖ್ಯೆಯಿಂದ ಇಲ್ಲಿ ಏನೂ ಉಪಯೋಗವಿಲ್ಲ. 973ನ್ನು 1000ದಿಂದ ಭಾಗಿಸಿ ಶೇ 97.3 ಎಂದು ಬರೆಯುವವರೂ ಇದ್ದಾರೆ. ಅದು ಗಂಡಸರ ಸಂಖ್ಯೆಯ ಶೇಕಡಾ, ಜನಸಂಖ್ಯೆಯದಲ್ಲ. ಆಧಾರ ಜಾರುವುದು ಎಂದರೆ ಇದೇ.

ಇನ್ನೂ ಒಳ್ಳೆಯ ಪ್ರಶ್ನೆ ಇದೆ. ಅದೇ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36. ಗಂಡಸರಲ್ಲಿ ಶೇ 82.47, ಹೆಂಗಸರಲ್ಲಿ ಶೇ 68.08. ಈ ಮೂರು ಶೇಕಡಾ ಬಿಟ್ಟು ಬೇರೇನೂ ಕೊಟ್ಟಿಲ್ಲ. ಗಂಡಸರು, ಹೆಂಗಸರ ಅನುಪಾತ ಹೇಳಬಹುದಾ?

ಮೊದಲ ನೋಟಕ್ಕೆ ‘ಹೇಗೆ ಸಾಧ್ಯ?’ ಅನಿಸುತ್ತದೆ, ಅಲ್ವಾ? ಟೆಸ್ಟರ್ ಹಚ್ಚಿ. ಗಂಡಸರ ಪಾಲು ಹೆಚ್ಚಾದರೆ ಒಟ್ಟು ಸಾಕ್ಷರತೆ 82.47ರ ಕಡೆಗೆ ಏರಬೇಕು. ಹೆಂಗಸರ ಪಾಲು ಹೆಚ್ಚಾದರೆ 68.08ರ ಕಡೆಗೆ ಇಳಿಯಬೇಕು. ಅಂದರೆ ಒಂದೊಂದು ಅನುಪಾತಕ್ಕೆ ಒಂದೊಂದೇ ಒಟ್ಟು ಶೇಕಡಾ. ಒಟ್ಟು 75.36 ಎಂದು ಕಟ್ಟಿಹಾಕಿದ ಮೇಲೆ ಎರಡನೇ ಅನುಪಾತಕ್ಕೆ ಜಾಗವಿಲ್ಲ. ಹಾಗಾಗಿ ಸಾಕು. ಲೆಕ್ಕ ಮಾಡಿಯೇ ನೋಡುವುದಾದರೆ, 75.36ರಿಂದ 68.08 ಕಳೆದರೆ 7.28. 82.47ರಿಂದ 75.36 ಕಳೆದರೆ 7.11. ಗಂಡಸರು, ಹೆಂಗಸರು 7.28 : 7.11, ಅಂದರೆ ಸಾವಿರಕ್ಕೆ ಸುಮಾರು 977. ಎರಡು ದಶಮಾಂಶಕ್ಕೆ ನಿಲ್ಲಿಸಿದ ಅಂಕಿಗಳಾದ್ದರಿಂದ ಕೊನೆಯ ಅಂಕಿ ಕೊಂಚ ಆಚೀಚೆ ಆಗಬಹುದು.

ಆದರೆ ಜನಗಣತಿ ಹೇಳಿದ್ದು 973. ಇಲ್ಲಿ 977 ಯಾಕೆ ಬಂತು? ಲೆಕ್ಕ ತಪ್ಪಿಲ್ಲ. ಸಾಕ್ಷರತೆಯನ್ನು ಎಣಿಸುವುದು 7 ವರ್ಷ ಮತ್ತು ಅದಕ್ಕಿಂತ ಮೇಲಿನವರಲ್ಲಿ ಮಾತ್ರ. ಆರು ವರ್ಷದವರೆಗಿನ ಮಕ್ಕಳು ಆ ಆಧಾರದಲ್ಲೇ ಇಲ್ಲ. ಆ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. ಅವರನ್ನು ಹೊರಗಿಟ್ಟರೆ ಉಳಿದವರಲ್ಲಿ ಅನುಪಾತ ಸ್ವಲ್ಪ ಮೇಲೇರಲೇಬೇಕು.

ಇದನ್ನೇ ಡೇಟಾ ಸಫಿಶಿಯೆನ್ಸಿ ಪ್ರಶ್ನೆಯಾಗಿ ನೋಡಿ. ‘7 ವರ್ಷ ತುಂಬಿದವರಲ್ಲಿ ಗಂಡಸರು, ಹೆಂಗಸರ ಅನುಪಾತ ಎಷ್ಟು?’ ಎಂದು ಕೇಳಿದರೆ ಆ ಮೂರು ಶೇಕಡಾ ಸಾಕು. ‘ಇಡೀ ಜನಸಂಖ್ಯೆಯಲ್ಲಿ ಎಷ್ಟು?’ ಎಂದು ಕೇಳಿದರೆ ಸಾಲದು. ಸಂಖ್ಯೆಗಳು ಅವೇ, ಆಧಾರ ಮಾತ್ರ ಬೇರೆ. ನನಗೆ ಈ ಉದಾಹರಣೆ ತುಂಬ ಇಷ್ಟ, ಯಾಕೆಂದರೆ ಪರೀಕ್ಷೆಯಲ್ಲಿ ಕೇಳುವ ಮೋಸದ ಪ್ರಶ್ನೆಗಳ ಗುಟ್ಟು ನಿಜವಾದ ಅಂಕಿಗಳಲ್ಲೇ ಸಿಗುತ್ತದೆ.

ರಿಪೇರಿ ಹೀಗೆ. ಪ್ರತಿ ಶೇಕಡಾ ಚಿಹ್ನೆಯ ಪಕ್ಕ ಅದು ಯಾವುದರ ಶೇಕಡಾ ಎಂದು ಒಂದು ಪದ ಬರೆಯಿರಿ. ‘ನೌಕರರಲ್ಲಿ’, ‘ಮಹಿಳಾ ನೌಕರರಲ್ಲಿ’, ‘ಹೋದ ವರ್ಷದ ಬೆಲೆಯಲ್ಲಿ’. ಎರಡು ಹೇಳಿಕೆಗಳ ಆಧಾರ ಬೇರೆಯಾಗಿದ್ದರೆ, ಅವೆರಡನ್ನೂ ಬೆಸೆಯುವ ಮಾಹಿತಿ ಎಲ್ಲಾದರೂ ಇದೆಯಾ ಎಂದು ಹುಡುಕಿ. ಇಲ್ಲದಿದ್ದರೆ ಸುಮ್ನೆ ಸೇರಿಸಬೇಡಿ.

ಲಕ್ಷಣ: ‘ಹೌದಾ, ಅಲ್ಲವಾ’ ಎಂದು ಕೇಳುವ ಪ್ರಶ್ನೆಗಳು ಮಾತ್ರ ಕೆಡುತ್ತಿವೆ

ಒಂದು ಕಚೇರಿಯಲ್ಲಿ ಹೆಂಗಸರು ಅರ್ಧಕ್ಕಿಂತ ಜಾಸ್ತಿ ಇದ್ದಾರಾ? ಹೇಳಿಕೆ: ಹೆಂಗಸರು, ಗಂಡಸರ ಅನುಪಾತ 4:5. ಉತ್ತರ ‘ಇಲ್ಲ’. ‘ಇಲ್ಲ’ ಬಂದ ಕೂಡಲೇ ಹೇಳಿಕೆಯೂ ಸಾಲದು ಎಂದು ಗುರುತು ಹಾಕಿಬಿಡುತ್ತಾರೆ. ಆದರೆ ಖಚಿತವಾದ ‘ಇಲ್ಲ’ ಕೂಡ ಉತ್ತರವೇ. ‘ಇರಬಹುದು, ಇಲ್ಲದಿರಬಹುದು’ ಎಂದಾದಾಗ ಮಾತ್ರ ಸಾಲದು.

ಇಂಥ ಪ್ರಶ್ನೆಗಳಲ್ಲಿ ಇನ್ನೊಂದು ಸಂಗತಿ ಇದೆ. ಸಡಿಲವಾದ ಮಾಹಿತಿಯೂ ಕೆಲವೊಮ್ಮೆ ಸಾಕಾಗುತ್ತದೆ. ಒಂದು ಸೀರೆಯ ಬೆಲೆಯನ್ನು ಮೊದಲು ಏರಿಸಿದರು, ಆಮೇಲೆ ಇಳಿಸಿದರು. ಕೊನೆಯ ಬೆಲೆ ಮೊದಲಿನದಕ್ಕಿಂತ ಕಡಿಮೆಯೇ? ಹೇಳಿಕೆ 1: ಏರಿಸಿದ ಶೇಕಡಾ, ಇಳಿಸಿದ ಶೇಕಡಾ ಎರಡೂ ಒಂದೇ. ಹೇಳಿಕೆ 2: ಶೇ 20 ಏರಿಸಿದ್ದರು. ಹೇಳಿಕೆ 1ರಲ್ಲಿ ಸಂಖ್ಯೆಯೇ ಇಲ್ಲ ಎಂದು ತಳ್ಳಬೇಡಿ. ಏರಿಸಿದ್ದು ಚಿಕ್ಕ ಬೆಲೆಯ ಮೇಲೆ, ಇಳಿಸಿದ್ದು ದೊಡ್ಡ ಬೆಲೆಯ ಮೇಲೆ. ಶೇಕಡಾ ಯಾವುದೇ ಇರಲಿ, ಕೊನೆಗೆ ಕಡಿಮೆಯೇ ಆಗುತ್ತದೆ. 1 ಒಂದೇ ಸಾಕು, 2 ಸಾಲದು.

ಹಾಗೇ ಇನ್ನೊಂದು. ಒಂದು ಕಂಪನಿಯ ಗಂಡಸರಲ್ಲಿ ಶೇ 60, ಹೆಂಗಸರಲ್ಲಿ ಶೇ 40 ಪದವೀಧರರು. ಒಟ್ಟು ನೌಕರರಲ್ಲಿ ಪದವೀಧರರು ಅರ್ಧಕ್ಕಿಂತ ಜಾಸ್ತಿಯೇ? ಗಂಡಸರು ಹೆಂಗಸರಿಗಿಂತ ಹೆಚ್ಚಿದ್ದಾರೆ ಎಂಬ ಒಂದು ಮಾತು ಸಿಕ್ಕರೆ ಸಾಕು. ಎಷ್ಟು ಹೆಚ್ಚು ಎಂದು ಬೇಕಿಲ್ಲ. ಇಬ್ಬರೂ ಸಮ ಇದ್ದಾಗ ಸರಿಯಾಗಿ ಶೇ 50. ಗಂಡಸರು ಒಬ್ಬ ಹೆಚ್ಚಾದರೂ ಅದರ ಮೇಲೆ. ಪ್ರಶ್ನೆ ‘ಶೇಕಡಾ ಎಷ್ಟು?’ ಎಂದಾಗಿದ್ದರೆ ಇದೇ ಮಾತು ಸಾಲುತ್ತಿರಲಿಲ್ಲ.

ಲಕ್ಷಣ: ಕೀ ಆನ್ಸರ್ ನೋಡಿದರೂ ಯಾಕೆ ಎಂದು ಗೊತ್ತಾಗುತ್ತಿಲ್ಲ

ಆಗ ಪ್ರಶ್ನೆಯ ಮೊದಲ ಸಾಲಿಗೆ ವಾಪಸ್ ಹೋಗಿ. ಅಲ್ಲೊಂದು ಷರತ್ತು ಅಡಗಿರಬಹುದು. ದುಪ್ಪಟ್ಟು ಮಾಡುವ ದಾರಿಗೆ ವಿನಾಯಿತಿ ಇದೆ ಎಂದಿದ್ದೆನಲ್ಲ, ಅದು ಇಲ್ಲಿದೆ.

ಒಂದು ತರಗತಿಯಲ್ಲಿ 40ಕ್ಕಿಂತ ಕಡಿಮೆ ಮಕ್ಕಳಿದ್ದಾರೆ. ಒಟ್ಟು ಎಷ್ಟು ಮಕ್ಕಳು? ಹೇಳಿಕೆ 1: ಸರಿಯಾಗಿ ಶೇ 37.5 ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ. ಹೇಳಿಕೆ 2: ಹುಡುಗರು, ಹುಡುಗಿಯರ ಅನುಪಾತ 5:7.

ಎರಡೂ ಬರೀ ಪ್ರಮಾಣ. ದುಪ್ಪಟ್ಟು ಮಾಡಿದರೂ ಎರಡೂ ನಿಜವೇ. ಹಾಗಾದರೆ ಸಾಲದು ಅನಿಸುತ್ತದೆ. ಆದರೆ ಮಕ್ಕಳನ್ನು ಭಾಗ ಮಾಡಲು ಆಗುವುದಿಲ್ಲ. ಎಂಟರಲ್ಲಿ ಮೂರು ಎಂದರೆ ಒಟ್ಟು ಸಂಖ್ಯೆ 8ರ ಮಗ್ಗಿಯಲ್ಲಿ ಬರಬೇಕು. 5:7 ಎಂದರೆ 12ರ ಮಗ್ಗಿಯಲ್ಲಿ ಬರಬೇಕು. ಎರಡರಲ್ಲೂ ಬರುವ, 40ಕ್ಕಿಂತ ಕಡಿಮೆಯ ಸಂಖ್ಯೆ 24 ಒಂದೇ. ಎರಡೂ ಸೇರಿದರೆ ಸಾಕು. ಈಗ 40ರ ಬದಲು 50 ಎಂದು ಓದಿ. 24 ಕೂಡ ಆಗುತ್ತದೆ, 48 ಕೂಡ ಆಗುತ್ತದೆ. ಸಾಲದು. ಪ್ರಶ್ನೆಯ ಒಂದು ಅಂಕಿ ಬದಲಾದರೆ ಉತ್ತರವೇ ತಿರುಗಿತು.

ಜನ, ಓಟು, ಪುಸ್ತಕ, ನಾಣ್ಯ ಇವೆಲ್ಲ ಪೂರ್ಣ ಸಂಖ್ಯೆಗಳು. ಹಾಲು, ಹಣ, ಸಮಯ ಹಾಗಲ್ಲ. ಪೂರ್ಣ ಸಂಖ್ಯೆಯೂ ಇದೆ, ಮೇಲಿನ ಮಿತಿಯೂ ಇದೆ ಎಂದಾದರೆ ಎಚ್ಚರವಾಗಿ. ಚುನಾವಣೆ ಲೆಕ್ಕಗಳಲ್ಲಿ ‘ಇಬ್ಬರೇ ಅಭ್ಯರ್ಥಿಗಳು’ ಎಂಬ ಪದವೂ ಇಂಥದ್ದೇ. ಗೆದ್ದವರಿಗೆ ಸಿಂಧುವಾದ ಮತಗಳಲ್ಲಿ ಶೇ 60, ಎರಡನೆಯವರಿಗಿಂತ ಅಂತರ 2,400 ಎಂದು ಕೊಟ್ಟಿದ್ದಾರೆ ಎಂದುಕೊಳ್ಳಿ. ಇಬ್ಬರೇ ಇದ್ದರೆ ಸೋತವರಿಗೆ ಶೇ 40, ಅಂತರ ಶೇ 20, ಒಟ್ಟು 12,000 ಮತ. ಮೂರನೆಯವರು ಇದ್ದಿರಬಹುದು ಎಂದಾದರೆ ಈ ಲೆಕ್ಕ ನಿಲ್ಲುವುದಿಲ್ಲ.

ಲಕ್ಷಣ: ಯೋಚನೆ ಸರಿ, ಹಾಕಿದ ಆಯ್ಕೆಯ ಅಕ್ಷರ ತಪ್ಪು

ಇದು ಚಿಕ್ಕದು, ಆದರೆ ಎರಡು ಪರೀಕ್ಷೆಗೆ ಒಟ್ಟಿಗೆ ಓದುವವರಿಗೆ ನಿಜವಾಗಿ ಅಂಕ ಕಳೆಯುತ್ತದೆ. ಜಿಮ್ಯಾಟ್‌ನಲ್ಲಿ ಮೂರನೇ ಆಯ್ಕೆ ‘ಎರಡೂ ಸೇರಿದರೆ ಸಾಕು’, ನಾಲ್ಕನೆಯದು ‘ಯಾವುದಾದರೂ ಒಂದೇ ಸಾಕು’, ಐದನೆಯದು ‘ಎರಡೂ ಸೇರಿದರೂ ಸಾಲದು’. ನಮ್ಮ ಬ್ಯಾಂಕ್ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಮೂರನೆಯದು ‘ಯಾವುದಾದರೂ ಒಂದೇ ಸಾಕು’, ನಾಲ್ಕನೆಯದು ‘ಎರಡೂ ಸೇರಿದರೂ ಸಾಲದು’, ಐದನೆಯದು ‘ಎರಡೂ ಬೇಕು’. ಮೊದಲೆರಡು ಒಂದೇ ಥರ ಇರುವುದರಿಂದ ಉಳಿದವೂ ಹಾಗೇ ಎಂದು ಕೈ ತಾನಾಗಿ ಹೋಗಿಬಿಡುತ್ತದೆ. ಸಿಸ್ಯಾಟ್‌ನಲ್ಲಿ ಇರುವುದೇ ನಾಲ್ಕು ಆಯ್ಕೆ. ಅಲ್ಲಿನ ಮಾತುಗಳನ್ನು ಪ್ರತಿ ಸಲವೂ ಓದಲೇಬೇಕು.

ಅಕ್ಷರವನ್ನು ಬಾಯಿಪಾಠ ಮಾಡಬೇಡಿ. ರಫ್ ಶೀಟ್ ಮೇಲೆ ‘1 ಸಾಕು, 2 ಸಾಲದು’ ಅಥವಾ ‘ಸೇರಿದರೆ ಸಾಕು’ ಎಂದು ಕನ್ನಡದಲ್ಲೇ ಬರೆದುಕೊಳ್ಳಿ. ಆಮೇಲೆ ಪರದೆಯಲ್ಲೋ ಪ್ರಶ್ನೆಪತ್ರಿಕೆಯಲ್ಲೋ ಆ ಮಾತು ಎಲ್ಲಿದೆ ಎಂದು ಹುಡುಕಿ ಗುರುತು ಹಾಕಿ. ಜಿಮ್ಯಾಟ್‌ನವರು ಇನ್ನೊಂದು ಗಮನಿಸಿ. 2023ರ ನವೆಂಬರ್‌ನಲ್ಲಿ ಬಂದ ಹೊಸ ಮಾದರಿಯಲ್ಲಿ ಈ ಪ್ರಶ್ನೆಗಳು ಗಣಿತದ ವಿಭಾಗ ಬಿಟ್ಟು ಡೇಟಾ ಇನ್‌ಸೈಟ್ಸ್ ವಿಭಾಗಕ್ಕೆ ಹೋಗಿವೆ. ಅಲ್ಲಿ ಪರದೆಯ ಮೇಲೆ ಕ್ಯಾಲ್ಕುಲೇಟರ್ ಇರುತ್ತದೆ. ಈ ಬಗೆಯ ಪ್ರಶ್ನೆಗೆ ಅದನ್ನು ತೆರೆಯಬೇಕು ಅನಿಸಿದರೆ, ನೀವು ಮತ್ತೆ ಉತ್ತರ ಹುಡುಕಲು ಹೊರಟಿದ್ದೀರಾ ಎಂದು ಒಂದು ಸಲ ನೋಡಿಕೊಳ್ಳಿ.